ಇಪ್ಪತ್ತೆರಡು ಅಡ್ಡಗೆರೆಗಳು

ಇಪ್ಪತ್ತೆರಡು ಗಂಡಂದಿರನ್ನು ಅಣವೀರಪ್ಪ ಒಂದೇ ಮಧ್ಯಾಹ್ನ ಕೊಂದಿದ್ದ. ಕೊಂದದ್ದು ಟೈಪ್‌ರೈಟರಿನಲ್ಲಿ. ಕೊಂದ ಮೇಲೆ ಚಹಾ ತರಿಸಿದ್ದ, ಚಹಾ ತಣ್ಣಗಾಗಿದೆಯೆಂದು ಕ್ಯಾಂಟೀನಿನವನನ್ನು ಬೈದೂ ಇದ್ದ.

ಈಗ ವಿ.ಟಿ. ಸ್ಟೇಷನ್ನಿನಲ್ಲಿ, ಇಪ್ಪತ್ತೆರಡು ಬಿಳಿ ಸೀರೆಗಳ ಗಂಟನ್ನು ಎದೆಗವಚಿಕೊಂಡು ಲೋಕಲ್ ಕಾಯುತ್ತ ನಿಂತವನಿಗೆ ಒಂದೇ ಆಸೆ: ಈ ಗಾಡಿ ಬರದೇ ಹೋಗಲಿ. ಎಂಟು ವರ್ಷ ಮುಂಬಯಿಯಲ್ಲಿದ್ದು, ಲೋಕಲ್ ಎರಡು ನಿಮಿಷ ತಡವಾದರೆ ರೈಲ್ವೆಯವರ ಕುಲವನ್ನೆಲ್ಲ ಶಪಿಸುತ್ತಿದ್ದವನ ಈ ಹೊಸ ಪ್ರಾರ್ಥನೆಯನ್ನು ಯಾವ ದೇವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಹೊತ್ತಿಗೆ ಸರಿಯಾಗಿ ಬಂತು.

"ನಿಮ್ಮ ರೈಲುಗಳು ನಮ್ಮವಕ್ಕಿಂತ ಶಿಸ್ತಿನವು" ಎಂದರು ಬ್ರೂನರ್.

"ಕೆಲವು ದಿನ" ಎಂದ ಅಣವೀರಪ್ಪ.

ಬ್ರೂನರ್ ಎಪ್ಪತ್ತರ ಸ್ವಿಸ್ ಮುದುಕ, ಕಾಗದದ ವ್ಯಾಪಾರಿ. ಸಂಘ ಕಾರು ಕೊಡುತ್ತೇನೆಂದರೂ ಬೇಡವೆಂದು, ಜನ ಹೋಗುವ ಹಾಗೆ ಹೋಗೋಣ ಎಂದು ಹಟ ಹಿಡಿದವರು. ಮೊದಲ ದರ್ಜೆಯ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತು ಜನವೇ ಇರಲಿಲ್ಲ. ಅಣವೀರಪ್ಪ ಗಂಟನ್ನು ಮೇಲಿನ ಸಾಮಾನು ಜಾಲರಿಯ ಮೇಲೆ ಇಟ್ಟ. ಇಡುವಾಗಲೇ ಅವನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಮುಂಬಯಿ ಲೋಕಲ್ಲುಗಳಲ್ಲಿ ದಿನಾಲು ಎಷ್ಟೋ ಜನ ಎಷ್ಟೋ ಗಂಟು ಮರೆಯುತ್ತಾರೆ. ಅವರಲ್ಲಿ ತಾನೂ ಒಬ್ಬನಾಗಬಾರದೆಂದು ಕಾನೂನಿದೆಯೆ?

ಅವನು ಕೆಲಸ ಮಾಡುವ ಸಂಘ ಅಂತರರಾಷ್ಟ್ರೀಯ ವ್ಯಾಪಾರಿಗಳದು. ಯುರೋಪಿನಲ್ಲಿ ಮುಖ್ಯ ಕಚೇರಿ, ಫೋರ್ಟಿನ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಮುಂಬಯಿ ಶಾಖೆ. ಸದಸ್ಯರ ವಾರ್ಷಿಕ ವಂತಿಗೆ ಸಂಘದ ಮಾಮೂಲು ಖರ್ಚಿಗೆ. ಅದರ ಹೊರಗೆ 'ವಿಶೇಷ ಯೋಜನೆ'ಗಳೆಂದು ಬೇರೆ ಇದ್ದವು. ಪ್ರತಿ ವರ್ಷ ಅವುಗಳ ಪಟ್ಟಿಯೊಂದು ಅಚ್ಚಾಗಿ ಸದಸ್ಯರ ಮನೆಗೆ ಹೋಗುತ್ತಿತ್ತು. ಮನಸ್ಸಿಗೆ ಬಂದ ಯೋಜನೆಯ ಮುಂದೆ ಸದಸ್ಯ ಟಿಕ್ ಹಾಕಬೇಕು. ಟಿಕ್ ಹಾಕಿದವರ ಹಣದಿಂದ ಅದು ನಡೆಯಬೇಕು. ಟಿಕ್ ಬೀಳದ ಯೋಜನೆ ಮುಂದಿನ ವರ್ಷದ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುತ್ತಿತ್ತು.

ಭಾಂಡುಪ್‌ನ ಯೋಜನೆ ಪಟ್ಟಿಯಲ್ಲಿ ಹನ್ನೊಂದನೆಯದು. 'ಕೆಲಸ ತಿಳಿಯದ ಹೆಂಗಸರಿಗೆ ಮೋಟಾರಿನ ಕಾಯಿಲ್ ಸುತ್ತುವ ತರಬೇತಿ.' ಮೊದಲ ವರ್ಷ ಅದಕ್ಕೆ ಬಿದ್ದದ್ದು ಮೂರು ಟಿಕ್ಕು. ಆ ಮೂವರ ದಯೆಯಲ್ಲಿ ಒಂದು ತಗಡಿನ ಶೆಡ್ಡು, ಬಾಡಿಗೆಯ ಯಂತ್ರಗಳು, ಕಲಿಸಲು ವಸಂತಿ ಎಂಬ ಹುಡುಗಿ. ಕಲಿಯಲು ಬಂದವರು ವಿಜಾಪುರ, ಬೆಳಗಾವಿ ಕಡೆಯಿಂದ ಬಂದು ಕಟ್ಟಡಗಳ ಮೇಲೆ ಇಟ್ಟಿಗೆ ಹೊರುತ್ತಿದ್ದ ಹೆಂಗಸರು.

ವರ್ಷದ ಕೊನೆಗೆ ಮುಖ್ಯ ಕಚೇರಿಯ ಫಾರ್ಮುಗಳು ತುಂಬಿ ಬಂದವು. ಗಂಡನ ಹೆಸರು ಮತ್ತು ಉದ್ಯೋಗ ಎಂಬ ಜಾಗದ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: ಗಂಡ ತೀರಿಕೊಂಡಿದ್ದರೆ ಅಡ್ಡಗೆರೆ ಎಳೆಯಿರಿ. ಇಪ್ಪತ್ತೆರಡು ಫಾರ್ಮಿನಲ್ಲೂ ಅಡ್ಡಗೆರೆ ಇತ್ತು. ವರದಿ ಬರೆಯುವ ಕೆಲಸ ಅಣವೀರಪ್ಪನದು. ಟೈಪ್ ಮಾಡಿದ: 'ಈ ಇಪ್ಪತ್ತೆರಡು ಮಂದಿಯೂ ವಿಧವೆಯರು.' ವಾಕ್ಯ ಚೆನ್ನಾಗಿ ಕೂತಿದೆ ಅನ್ನಿಸಿತು. ಎರಡು ಸಲ ಓದಿಕೊಂಡ. ಅನುಮಾನ ಬರಲಿಲ್ಲ. ಒಂದು ಸಣ್ಣ ಸಂತೋಷ ಮಾತ್ರ ಬಂತು, ಅದನ್ನು ಅವನು ಈಗ ನೆನೆಯಲಾರ.

ಆ ವಾಕ್ಯ ಪಟ್ಟಿಗೆ ಏರಿತು. ಇನ್ನೂರಕ್ಕೂ ಮೇಲೆ ಟಿಕ್ಕು ಬಿದ್ದವು. ಮುಂಬಯಿಯ ಗಿರಣಿ ಮಾಲೀಕ ಸದಸ್ಯರೊಬ್ಬರು ಕಣ್ಣೀರಿನ ಪತ್ರದ ಜೊತೆಗೆ ಇಪ್ಪತ್ತೆರಡು ಬಿಳಿ ಸೀರೆ ಕಳಿಸಿದರು. ಸಂಘದ ಅಧ್ಯಕ್ಷರು ಅಣವೀರಪ್ಪನ ಬೆನ್ನು ತಟ್ಟಿ, ಹುದ್ದೆ ಕಾಯಂ ಆದ ಹಾಗೆಯೇ ಎಂದರು. ಟಿಕ್ ಹಾಕಿದವರ ಪರವಾಗಿ ಬ್ರೂನರ್ ಸ್ವಂತ ಖರ್ಚಿನಲ್ಲಿ ಬಂದು, ವಿಧವೆಯರನ್ನು ಕಂಡು, ಎರಡನೆಯ ವರ್ಷದ ಕಾಗದಕ್ಕೆ ಅಲ್ಲಿಯೇ ಸಹಿ ಹಾಕುತ್ತೇನೆಂದು ಬರೆದರು. ಸಹಿ ಬಿದ್ದರೆ ಬಾಡಿಗೆಯ ಯಂತ್ರಗಳು ಹೆಂಗಸರ ಸ್ವಂತದ್ದಾಗುತ್ತವೆ. ಬೀಳದಿದ್ದರೆ ತಿಂಗಳ ಕೊನೆಗೆ ಯಂತ್ರಗಳು ವಾಪಸು, ಹೆಂಗಸರು ಮತ್ತೆ ಇಟ್ಟಿಗೆಗೆ.

ಮೊನ್ನೆ ಶುಕ್ರವಾರ ಫೋಟೋ ಬಂತು. ವರದಿಯ ಮುಖಪುಟಕ್ಕೆಂದು ವಸಂತಿ ತೆಗೆಸಿ ಕಳಿಸಿದ್ದು. ಇಪ್ಪತ್ತೆರಡು ಹಣೆ, ಇಪ್ಪತ್ತೆರಡು ಕುಂಕುಮ. ಮೊಣಕೈವರೆಗೆ ಬಳೆ. ಕೊರಳಲ್ಲಿ ತಾಳಿ. ಒಬ್ಬಳಂತೂ ಬಸುರಿ.

ಅಣವೀರಪ್ಪ ಫೋಟೋ ಮೇಜಿನ ಖಾನೆಯಲ್ಲಿ ಹಾಕಿ ಕೀಲಿ ತಿರುವಿದ. ಆಮೇಲೆ ಅವನಿಗೆ ಅವ್ವ ನೆನಪಾದಳು. ಅವ್ವ ರುದ್ರವ್ವ ಮದುವೆಯಾದಂದಿನಿಂದ ಗಂಡನ ಹೆಸರು ಹೇಳಿದವಳಲ್ಲ. ಅಪ್ಪನ ಹೆಸರು ಸಿದ್ದರಾಮಪ್ಪ. ಅದಕ್ಕಾಗಿ ಸೊಲ್ಲಾಪುರದ ಸಿದ್ದರಾಮ ದೇವರನ್ನೂ ಅವಳು 'ಸೊಲ್ಲಾಪುರದ ದೇವರು' ಎಂದೇ ಕರೆಯುತ್ತಿದ್ದಳು. ಸಾಲೆಗೆ ಹಚ್ಚುವಾಗ ಮಾಸ್ತರರು ಹುಡುಗನ ತಂದೆಯ ಹೆಸರೇನಮ್ಮ ಎಂದು ಕೇಳಿದರೆ, ಅವ್ವ ಮಗನನ್ನು ತಿವಿದು "ಹೇಳೋ" ಎಂದಿದ್ದಳು. ಏಳು ವರ್ಷದ ಅಣವೀರಪ್ಪನೇ ಹೇಳಿದ್ದ. ಏಳು ವರ್ಷಕ್ಕೆ ಗೊತ್ತಿದ್ದದ್ದು ಮೂವತ್ತೈದಕ್ಕೆ ಗೊತ್ತಿರಲಿಲ್ಲ. ನಡುವೆ ಧಾರವಾಡದಲ್ಲಿ ಎಂ.ಎ. ಆಗಿತ್ತು. ಕೋಣೆಯಲ್ಲಿ ಅವನೊಬ್ಬನೇ ಇದ್ದರೂ ನಾಚಿಕೆಯಿಂದ ಕಿವಿ ಬಿಸಿಯಾದವು.

ಮನೆಯಲ್ಲೂ ಹೊರಗೂ ಅವನ ಹೆಸರೀಗ ಎ.ವಿ. ಹೆಂಡತಿ ವಿನೋದಿನಿ ದಾದರಿನಲ್ಲೇ ಹುಟ್ಟಿ ಬೆಳೆದವಳು, ಅಲ್ಲಿಯೇ ಒಂದು ಸಾಲೆಯಲ್ಲಿ ಟೀಚರು. ಅವಳೂ ಹಾಗೇ ಕರೆಯುತ್ತಾಳೆ. ಇವತ್ತು ಬೆಳಿಗ್ಗೆಯೂ ಕರೆದಳು.

"ಎ.ವಿ., ಮುಖ ಯಾಕ ಹಿಂಗ?"

"ಏನಿಲ್ಲ."

"ಆಫೀಸಿಂದಾ?"

"ಏನಿಲ್ಲ ಅಂದೆನಲ್ಲ."

"ಸರಿ, ಇಲ್ಲ" ಎಂದು ಅವಳು ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಸಾಲೆಗೆ ಹೊರಟಳು. ಆರು ವರ್ಷದ ಸಂಸಾರದಲ್ಲಿ ಅವರು ಎಂದೂ ಜಗಳವಾಡಿರಲಿಲ್ಲ. ಜಗಳವಾಡಬೇಕಾದರೂ ಒಬ್ಬರ ಹತ್ತಿರ ಒಬ್ಬರು ಬರಬೇಕು.

ಗಾಡಿ ಘಾಟ್ಕೋಪರ್ ದಾಟಿತು. ಬ್ರೂನರ್ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ನನ್ನ ತಾಯಿ ಇಪ್ಪತ್ತೊಂಬತ್ತಕ್ಕೇ ವಿಧವೆಯಾದಳು. ಅಪ್ಪನ ಕಾಗದದ ಅಂಗಡಿಯನ್ನು ಅವಳೇ ನಡೆಸಿದಳು. ನಗುತ್ತಿರಲಿಲ್ಲ. ನಿಮ್ಮ ಆ ವಾಕ್ಯ ಓದಿದ ದಿನ ನನಗೆ ಊಟ ಸೇರಲಿಲ್ಲ."

"ಯಾವ ವಾಕ್ಯ?"

"ಇಪ್ಪತ್ತೆರಡು ಮಂದಿಯೂ ವಿಧವೆಯರು. ನೀವು ಒಳ್ಳೆಯ ಬರಹಗಾರರು."

ಅಣವೀರಪ್ಪ ಕರ್ಚೀಫಿನಿಂದ ಕೊರಳು ಒರೆಸಿಕೊಂಡ. ಹೊಗಳಿಕೆಗೂ ಸೆಖೆಯಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಭಾಂಡುಪ್ ಬಂತು. ಅವನು ಗಡಬಡಿಸಿ ಬಾಗಿಲಿಗೆ ನಡೆದು, ಗಾಡಿ ನಿಲ್ಲುವ ಮೊದಲೇ ಹಾರಿ ಇಳಿದ. ಮೇಲೆ ನೋಡಲಿಲ್ಲ. ಹಿಂದೆಯೂ ನೋಡಲಿಲ್ಲ. ಗಾಡಿ ಹೊರಟ ಸದ್ದಿಗೆ ಎದೆ ಹಗುರಾಯಿತು. ಹೋಯಿತು ಪೀಡೆ.

"ಇದನ್ನು ಮರೆತಿರಿ" ಎಂದರು ಬ್ರೂನರ್. ಏದುಸಿರು ಬಿಡುತ್ತಿದ್ದರು, ಗಂಟು ಅವರ ತೋಳಲ್ಲಿತ್ತು.

"ಓ. ಥ್ಯಾಂಕ್ಯೂ."

"ವಯಸ್ಸಾದವರು ಸಾಮಾನು ಎಣಿಸುತ್ತಲೇ ಇರುತ್ತಾರೆ" ಎಂದು ಅವರು ನಕ್ಕರು.

ಕಾರಖಾನೆಗಳ ಗೋಡೆ ಹಿಡಿದು ಹದಿನೈದು ನಿಮಿಷ ನಡೆದರೆ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಶೆಡ್ಡು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್, ಬಿಳಿ ಮೀಸೆಯ ಗಟ್ಟಿ ಆಸಾಮಿ, ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಸಲಾಮು ಹೊಡೆದ. ಬ್ರೂನರ್ ಅವನ ಕೈಕುಲುಕಿದರು. ಅವನು ಗಾಬರಿಯಾಗಿ ಬೀಡಿಯ ಕೈಯನ್ನೇ ಕೊಟ್ಟ.

ಒಳಗೆ ಎರಡು ಸಾಲಿನಲ್ಲಿ ಕೈಯಿಂದ ತಿರುಗಿಸುವ ಯಂತ್ರಗಳು. ಒಂದು ಕಡೆ ತಾಮ್ರದ ತಂತಿಯ ರೀಲು, ಇನ್ನೊಂದು ಕಡೆ ಹಿಡಿಕೆ, ನಡುವೆ ಸುತ್ತು ಎಣಿಸುವ ಸಣ್ಣ ಗಡಿಯಾರ. ಇಪ್ಪತ್ತೆರಡು ಹೆಂಗಸರು ಎದ್ದು ನಿಂತರು. ಫೋಟೋದಲ್ಲಿ ಕಪ್ಪಾಗಿದ್ದ ಕುಂಕುಮಗಳು ಇಲ್ಲಿ ಕೆಂಪಗಿದ್ದವು.

ಅಣವೀರಪ್ಪ ವಸಂತಿಯನ್ನು ಪಕ್ಕಕ್ಕೆ ಕರೆದ. ಮುಂಬಯಿಯಲ್ಲೇ ಬೆಳೆದ ಇಪ್ಪತ್ತರ ಹುಡುಗಿ. ಮನೆಯ ಮಾತು ಕನ್ನಡ, ನಡುನಡುವೆ ಮುಂಬಯಿಯ ಹಿಂದಿ.

"ಗಂಡನ ಹೆಸರಿನ ಮುಂದೆ ಡ್ಯಾಶ್ ಯಾಕೆ ಹಾಕಿದಿರಿ?"

"ಸರ್, ನಾನು ಕೇಳಿದೆ. ಕೋಯಿ ಬೋಲ್ತಾಚ್ ನಹೀ, ಯಾರೂ ಹೇಳೋದೇ ಇಲ್ಲ. ಎಲ್ಲಾರೂ ಬರೇ ನಗ್ತಾರೆ. ಖಾಲಿ ಬಿಟ್ರೆ ಫಾರ್ಮ್ ರಿಜೆಕ್ಟ್ ಆಗ್ತದೆ ಅಂತ ಡ್ಯಾಶ್ ಮಾರ್ ದಿಯಾ. ಗಲತ್ ಆಯ್ತಾ?"

"ಕೆಳಗೆ ಸಣ್ಣ ಅಕ್ಷರದಲ್ಲಿ ಏನಿತ್ತು, ಓದಲಿಲ್ಲವೆ?"

"ಸಣ್ಣ ಅಕ್ಷರ ಯಾರು ಓದ್ತಾರೆ ಸರ್?"

ಅವನು ಓದಿದ್ದ. ಅವನು ಓದಿದ್ದು ಅದನ್ನೊಂದೇ.

ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯಳಾದ ಗುರುಬಾಯಿ ಕುಂಕುಮದ ಬಟ್ಟಲು ಹಿಡಿದು ಬಂದಳು. ಬ್ರೂನರ್ ಬಗ್ಗಿದರು, ಹಣೆ ಕೊಟ್ಟರು. ಆಮೇಲೆ ಅಣವೀರಪ್ಪನ ಸರದಿ.

"ಸಾಹೇಬ್ರ, ನೀವು ಕನ್ನಡದವ್ರಂತ? ಯಾವೂರ್ರಿ?"

"ಸಿಂದಗಿ ಕಡೆ."

"ಅಯ್ಯ, ನಮ್ಮವ್ರs ಅದೀರಿ! ವರ್ಸಾತು, ನಮ್ಮ ಮ್ಯಾಲ ಬರಿಯಾವ್ರು ಒಬ್ರು ಫೋರ್ಟಿನ್ಯಾಗ ಅದಾರ ಅಂತ ಕೇಳಿದ್ವಿ. ಒಂದ್ ದಿನಾನೂ ಈ ಕಡೆ ಬರಲಿಲ್ಲಲ್ರಿ?"

"ಕೆಲಸ ಇತ್ತು."

"ಹೌದ ಬಿಡ್ರಿ. ನಮ್ಮನ್ನ ನೋಡೂದಕ್ಕಿಂತ ನಮ್ಮ ಮ್ಯಾಲ ಬರಿಯೂ ಕೆಲಸs ದೊಡ್ಡದು."

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಇದು ಬರೀ ಚೇಷ್ಟೆ, ಅವ್ವನ ಮಾತಿನ ಧಾಟಿಯಲ್ಲೇ ಇತ್ತು.

ಬ್ರೂನರ್ ಭಾಷಣ ಶುರು ಮಾಡಿದರು. ಅನುವಾದ ಅಣವೀರಪ್ಪನದು, ವಸಂತಿ ಚಹಾ ಹೇಳಲು ಹೊರಗೆ ಹೋಗಿದ್ದಳು.

"ನಿಮ್ಮ ದುಃಖವನ್ನು ನಾನು ಬಲ್ಲೆ."

"ನಿಮ್ಮನ್ನ ನೋಡಿ ಭಾಳ ಸಂತೋಷ ಆತು ಅಂತಾರ."

"ನೀವು ಕಳೆದುಕೊಂಡದ್ದನ್ನು ಯಾವ ಸಂಘವೂ ಹಿಂದಕ್ಕೆ ಕೊಡಲಾರದು."

"ಕೆಲಸಾ ಛಲೋ ಕಲ್ತೀರಿ ಅಂತಾರ."

ಚಪ್ಪಾಳೆ ಬಿತ್ತು. ಬ್ರೂನರ್ ಅಣವೀರಪ್ಪನ ಕಿವಿಯಲ್ಲಿ "ಎಂಥ ಧೈರ್ಯದ ಹೆಂಗಸರು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ಈಗ ಸೀರೆ ಕೊಡೋಣ."

ಅಣವೀರಪ್ಪನ ಬೆರಳು ಗಂಟಿನ ಮೇಲೆ ನಿಂತವು. ಗಂಡ ಬದುಕಿರುವ ಹೆಂಗಸಿನ ಕೈಗೆ ಅಂಚಿಲ್ಲದ ಬಿಳಿ ಸೀರೆ ಕೊಡುವುದೆಂದರೇನು ಎಂಬುದು ಅವನಿಗೆ ಎಂ.ಎ. ಆದಮೇಲೂ ಗೊತ್ತಿತ್ತು. ಇದಕ್ಕಿಂತ ಕೆನ್ನೆಗೆ ಹೊಡೆಯುವುದು ಮರ್ಯಾದೆ. ಬ್ರೂನರ್ ತಾವೇ ಗಂಟು ಬಿಚ್ಚಿದರು. ಬಿಳುಪು ಹೊರಗೆ ಬಂತು.

ಗುರುಬಾಯಿ ಒಂದನ್ನೆತ್ತಿ ತಿರುಗಿಸಿ ನೋಡಿದಳು. ಅಂಚು ಹುಡುಕಿದಳು. ಅವಳ ಮುಖ ಅರಳಿತು.

"ಅಯ್ಯ, ಧೋತರ! ನಮ್ಮ ಮನ್ಯಾವ್ರಿಗಂತ ಧೋತರ ತಂದೀರೇನ್ರಿ?"

ಅಣವೀರಪ್ಪ ಅವಳನ್ನೇ ನೋಡಿದ. ಮುಳುಗುವವನಿಗೆ ಹುಲ್ಲುಕಡ್ಡಿಯಲ್ಲ, ದೋಣಿಯೇ ಬಂದು ನಿಂತಿತ್ತು. ಹೆಂಗಸರಿಗೆ ಧೋತರ, ಬ್ರೂನರ್‌ಗೆ ಸೀರೆ. ಇವರ ಭಾಷೆ ಅವರಿಗೆ ತಿಳಿಯದು, ಅವರದು ಇವರಿಗೆ. ನಡುವೆ ನಿಂತವನು ತಾನೊಬ್ಬ.

"ಹೂಂ" ಎಂದ.

ಹೆಂಗಸರು ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು. ಬ್ರೂನರ್ ಒಬ್ಬೊಬ್ಬರಿಗೂ ತಲೆಬಾಗಿ ಕೊಟ್ಟರು. ಎಲ್ಲರಿಗೂ ಸಂತೋಷವಾಗಿತ್ತು. ಯಾರಿಗೂ ಮೋಸವಾದಂತೆ ಕಾಣಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅಣವೀರಪ್ಪ ಜೀವಮಾನದಲ್ಲಿ ಮಾಡಿರಲಿಲ್ಲ. ಆದರೂ ಇಲ್ಲಿ ತಾನಿಲ್ಲದಿದ್ದರೂ ನಡೆಯುತ್ತಿತ್ತು, ತನ್ನ ಬದಲು ಒಂದು ಕಂಬ ಇದ್ದಿದ್ದರೂ ನಡೆಯುತ್ತಿತ್ತು ಎಂದು ತೋರಿತು.

ಸಹಿಯ ಹೊತ್ತಾಯಿತು. ವಸಂತಿ ಮೇಜಿನ ಮೇಲೆ ಎರಡನೆಯ ವರ್ಷದ ಕಾಗದವನ್ನೂ, ಆ ಫಾರ್ಮುಗಳನ್ನು ನಕಲು ಮಾಡಿದ ಹೆಂಗಸರ ರಿಜಿಸ್ಟರನ್ನೂ ಇಟ್ಟಳು. ಬ್ರೂನರ್ ಪೆನ್ನು ತೆಗೆದರು. ಆದರೆ ಮೊದಲು ರಿಜಿಸ್ಟರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಡ್ಡಗೆರೆಯನ್ನು ಮುಟ್ಟುತ್ತ ಕೆಳಗಿಳಿದರು, ಗೋರಿಗಳ ನಡುವೆ ನಡೆಯುವವರ ಹಾಗೆ.

"ಏನ್ ನೋಡಾಕ್ಹತ್ಯಾರ್ರಿ ಸಾಹೇಬ್ರು?" ಗುರುಬಾಯಿ ಇಣುಕಿದಳು.

"ನಿಮ್ಮ ಮನ್ಯಾವ್ರ ಹೆಸರು ಬರಿಯೂ ಜಾಗಾ" ಎಂದ ಅಣವೀರಪ್ಪ. ಯಾಕೆ ನಿಜ ಹೇಳಿದನೆಂದು ಅವನಿಗೇ ತಿಳಿಯಲಿಲ್ಲ.

"ಬರೇ ಗೀಟs ಕಾಣ್ತಾವಲ್ರಿ?"

"ನೀವು ಹೇಳಲಿಲ್ಲಂತ."

"ಹಂಗ ಹೆಂಗ್ ಹೇಳೂದ್ರಿ, ಸಂತ್ಯಾಗ ಉಳ್ಳಾಗಡ್ಡಿ ಹೆಸರು ಹೇಳಿದಂಗ? ಈ ಹುಡುಗಿ ಒಮ್ಮಿಗೇ 'ಗಂಡನ ಹೆಸರೇನು' ಅಂತು. ನಕ್ಕು ಸುಮ್ಮನಾದ್ವಿ. ಬೇಕಾಗಿದ್ರ ಒಡಪಿನ್ಯಾಗ ಹೇಳತೇವಿ. ಬರ್ಕೋರಿ."

ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಬಾಗಿಲು ಅಡ್ಡಗಟ್ಟಿ ಹೆಸರು ಕೇಳಿದರೆ ಹೆಂಗಸು ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿಬಿಡುತ್ತಾಳೆ. ಬಿಡಿಯಾಗಿ ಹೇಳಬಾರದ ಹೆಸರು ಹಾಡಿನ ಮರೆಯಲ್ಲಿ ಹೇಳಿದರೆ ದೋಷವಿಲ್ಲ. ಅಣವೀರಪ್ಪ ಇದನ್ನು ಕೇಳಿ ಇಪ್ಪತ್ತು ವರ್ಷವಾಗಿತ್ತು. ಗುರುಬಾಯಿ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿ ಶುರು ಮಾಡಿದಳು.

"ಭಾಂಡುಪದಾಗ ಬಂದು ನಿಂತೈತಿ ಲೋಕಲ್ ಗಾಡಿ,
ಖಂಡಪ್ಪನವರು ಇಳದು ಬಂದಾರ, ಬಾಗಿಲಾ ತಗದು ನೋಡಿ."

ಶೆಡ್ಡು ಹೋ ಎಂದು ನಕ್ಕಿತು. ಬಾಗಿಲಲ್ಲಿದ್ದ ವಾಚ್‌ಮನ್ ನಾಚಿ ಆಚೆ ಸರಿದ. ಅಣವೀರಪ್ಪ ಅಡ್ಡಗೆರೆಯ ಮೇಲೆಯೇ ಬರೆದ: ಖಂಡಪ್ಪ. ಉದ್ಯೋಗ: ವಾಚ್‌ಮನ್.

ನೀಲಾಬಾಯಿ ಯಂತ್ರದ ಹಿಡಿಕೆ ಬಿಡದೆಯೇ ಹೇಳಿದಳು.

"ತಾಮ್ರದ ತಂತಿ ಸುತ್ತೀನಿ ಸಾವಿರ ಸುತ್ತ,
ಮರೆಪ್ಪನವರ ಹೆಸರ ಹೇಳೀನಿ, ಕೇಳಬ್ಯಾಡ್ರಿ ಮತ್ತ."

ಬಸುರಿ ಇಂದ್ರಾಬಾಯಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಚಹಾದಾಗ ಹಾಕೀನಿ ಏಲಕ್ಕಿ, ಸಕ್ರಿ,
ದಾನಪ್ಪನವರಿಗೆ ಆಗಲಿ ಕಾಯಂ ನೌಕ್ರಿ."

ಹೆಸರುಗಳು ಬಂದವು, ಕೇಳಿದರೆ ಉದ್ಯೋಗವೂ ಬಂತು. ಅವನ ಪೆನ್ನು ಓಡಿತು. ಜೋಗೇಶ್ವರಿಯ ಕಾರಖಾನೆಯಲ್ಲಿ ಹಮಾಲಿ ಮಾಡುವವನು, ಗವಂಡಿ, ಗೋಣಿ ಹೊಲಿಯುವವನು, ಕುಡುಕ, ಮತ್ತೊಬ್ಬ ಕುಡುಕ. ಇಂಗ್ಲಿಷ್ ರಿಜಿಸ್ಟರಿನಲ್ಲಿ ತಾನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಒಂಬತ್ತನೆಯ ಹೆಸರಿಗೆ ಗಮನಕ್ಕೆ ಬಂತು. ನಿಲ್ಲಿಸಲಿಲ್ಲ.

ಕೊನೆಯವಳು ನಾಗವ್ವ. ಉಳಿದವರು ನಗು ನಿಲ್ಲಿಸಿದರು. ಅವಳ ಗಂಡ ನಾಲ್ಕು ವರ್ಷದ ಹಿಂದೆ ಕೆಲಸ ಹುಡುಕಲು ಹೋದವನು ಹಿಂದಿರುಗಿರಲಿಲ್ಲ ಎಂದು ವಸಂತಿ ಪಿಸುಗುಟ್ಟಿದಳು. ನಾಗವ್ವ ನೆಲ ನೋಡುತ್ತ ಹೇಳಿದಳು.

"ಬಾಗಲಾಗ ಹಾಕೀನಿ ರಂಗೋಲಿ, ತುಳಿಬ್ಯಾಡ್ರಿ ಯಾರೂ,
ನೀಲಕಂಠಪ್ಪನವರು ಬರಾಕ್ಹತ್ಯಾರ ಕೇಳಕೋತ ಊರೂರು."

ಅಣವೀರಪ್ಪ ಹೆಸರು ಬರೆದ. ಉದ್ಯೋಗದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ, ಖಾಲಿ ಬಿಟ್ಟ. ಅಡ್ಡಗೆರೆ ಮಾತ್ರ ಎಳೆಯಲಿಲ್ಲ.

ಬ್ರೂನರ್ ಅಷ್ಟೂ ಹೊತ್ತು ತಲೆ ತಗ್ಗಿಸಿ ನಿಂತಿದ್ದರು. ಮೆಲ್ಲಗೆ ಕೇಳಿದರು: "ಇದು ಶೋಕಗೀತೆಯೆ?"

ಹೌದು ಎಂದರೆ ಮುಗಿಯಿತು. ಪೆನ್ನು ಅವರ ಕೈಯಲ್ಲೇ ಇದೆ. ಯಂತ್ರಗಳು ಇವರವಾಗುತ್ತವೆ, ತನ್ನ ಹುದ್ದೆ ತನ್ನದಾಗುತ್ತದೆ, ಯಾವ ದೇವರಿಗೂ ನಷ್ಟವಿಲ್ಲ. ಹೌದು ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಅವನ ಕಣ್ಣು ರಿಜಿಸ್ಟರಿನ ಮೇಲೆ ಬಿತ್ತು. ಶಾಯಿ ಇನ್ನೂ ಹಸಿಯಿತ್ತು. ಗೆರೆಯನ್ನು ಕೊಲ್ಲುವುದಕ್ಕೆ ಕಷ್ಟವಾಗಿರಲಿಲ್ಲ. ಖಂಡಪ್ಪನನ್ನು, ಬಾಗಿಲಾಚೆ ನಿಂತು ಕೆಮ್ಮುತ್ತಿದ್ದ ಖಂಡಪ್ಪನನ್ನು, ಈಗ ಮತ್ತೆ ಹೇಗೆ ಕೊಲ್ಲುವುದು?

"ಅಲ್ಲ" ಎಂದ. "ಅವರು ಗಂಡಂದಿರ ಹೆಸರು ಹೇಳುತ್ತಿದ್ದಾರೆ. ಗಂಡಂದಿರು ಬದುಕಿದ್ದಾರೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅದಕ್ಕೇ ಅಡ್ಡಗೆರೆ. ನನಗೆ ಗೊತ್ತಿರಬೇಕಿತ್ತು. ನನಗೊಬ್ಬನಿಗೇ ಗೊತ್ತಿರಬೇಕಾದ ಸಂಗತಿ ಅದು."

"ಎಲ್ಲರೂ ಬದುಕಿದ್ದಾರೆಯೆ?"

"ಒಬ್ಬನ ವಿಷಯ ತಿಳಿಯದು. ಇಪ್ಪತ್ತೊಂದು ಮಂದಿ ಇದ್ದಾರೆ. ಬಾಗಿಲಲ್ಲಿ ಒಬ್ಬನ ಕೈಕುಲುಕಿದಿರಲ್ಲ, ಅವನು ಈಕೆಯ ಗಂಡ."

"ಆ ಸೀರೆಗಳು?"

"ಗಂಡಂದಿರಿಗೆ ತಂದ ಧೋತರವೆಂದು ತಿಳಿದಿದ್ದಾರೆ. ನಾನು ಹೂಂ ಅಂದೆ."

ಬ್ರೂನರ್ ಹತ್ತಿರದ ಸ್ಟೂಲಿನ ಮೇಲೆ ಕುಳಿತರು. ಅವರ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು.

"ಒಂದು ಕ್ಷಣ ನನಗೆ ನಿರಾಶೆಯಾಯಿತು" ಎಂದರು. "ಇಪ್ಪತ್ತೊಂದು ಜನ ಬದುಕಿದ್ದಾರೆಂದು ಕೇಳಿ ನಿರಾಶೆ. ನನ್ನ ತಾಯಿ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು."

ಅಣವೀರಪ್ಪ ಕರ್ಚೀಫು ತೆಗೆದು ಅವರ ಮುಂದೆ ಹಿಡಿದ.

"ಈ ಕಾಗದಕ್ಕೆ ಸಹಿ ಹಾಕಲಾರೆ. ಇದರಲ್ಲಿ ವಿಧವೆಯರು ಎಂದಿದೆ."

"ಗೊತ್ತು."

"ಟಿಕ್ ಹಾಕಿದವರನ್ನೆಲ್ಲ ಮತ್ತೆ ಕೇಳಬೇಕಾಗುತ್ತದೆ. ಪಟ್ಟಿಗೆ ಹೊಸ ಸಾಲು ಬೇಕು. ಏನು ಬರೆಯುತ್ತೀರಿ?"

"ಇಪ್ಪತ್ತೆರಡು ಹೆಂಗಸರು. ಮೋಟಾರಿನ ಕಾಯಿಲ್ ಸುತ್ತಬಲ್ಲರು."

"ಅಷ್ಟೆಯೆ?"

"ಅಷ್ಟೇ."

"ಊಟ ಬಿಡಿಸುವ ವಾಕ್ಯವಲ್ಲ. ಟಿಕ್ಕು ಬೀಳಲಿಕ್ಕಿಲ್ಲ."

"ಬೀಳಲಿಕ್ಕಿಲ್ಲ."

"ಒಂದಂತೂ ಬೀಳುತ್ತದೆ." ಬ್ರೂನರ್ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದರು. "ಹೊಸ ಪಟ್ಟಿ ಬರುವವರೆಗೆ ಯಂತ್ರಗಳನ್ನು ಮುಟ್ಟಬೇಡಿ ಎಂದು ಇವತ್ತೇ ಮುಖ್ಯ ಕಚೇರಿಗೆ ತಂತಿ ಕೊಡುತ್ತೇನೆ. ಕೇಳುತ್ತಾರೋ ಇಲ್ಲವೋ. ನಿಮ್ಮ ವಿಷಯದಲ್ಲೂ ಬರೆಯಬೇಕಾಗುತ್ತದೆ."

"ಬರೆಯಿರಿ" ಎಂದ ಅಣವೀರಪ್ಪ. ಹೇಳಿದ ಮೇಲೆ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ, ಏನೆಂದು ಹೇಳಲು ಬಾರದ ಒಂದು ಖುಷಿಯೂ ಬಂತು. ಬಹಳ ದಿನದ ಮೇಲೆ ತನ್ನ ಬಾಯಿಂದ ಬಂದ ಮಾತು ತನ್ನದೇ ಅನ್ನಿಸಿತ್ತು.

"ಏನಂತಾರ್ರಿ? ಮಾರಿ ಯಾಕ ಸಪ್ಪಗ ಮಾಡ್ಕೊಂಡ್ರು?" ಗುರುಬಾಯಿ ಕೇಳಿದಳು.

ಅವನು ಹೇಳಿಬಿಟ್ಟ. ಅಡ್ಡಗೆರೆಯ ಅರ್ಥ, ತಾನು ಬರೆದದ್ದು, ಸೀರೆ, ಎಲ್ಲವನ್ನೂ. ಮಿಷನ್ ಉಳಿಯುತ್ತವೋ ಇಲ್ಲವೋ ಇನ್ನು ಗೊತ್ತಿಲ್ಲ ಎಂಬುದನ್ನೂ. ಇಂದ್ರಾಬಾಯಿ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಬಂದ ಭಯವನ್ನು ನೋಡಿ ಅಣವೀರಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಬಿಡ್ತು ಅನ್ರಿ" ಎಂದಳು ಗುರುಬಾಯಿ. ದನಿ ಗಡುಸಾಗಿತ್ತು.

"ಬಿಡ್ತು."

"ಒಮ್ಮೆ ಅಂದ್ರ ಸಾಲದು. ಒಬ್ಬೊಬ್ಬರ ಹೆಸರು ತಗೊಂಡು ಅನ್ರಿ."

ಅವನು ರಿಜಿಸ್ಟರು ನೋಡಿ ಓದಿದ. ಖಂಡಪ್ಪ, ಬಿಡ್ತು. ಮರೆಪ್ಪ, ಬಿಡ್ತು. ದಾನಪ್ಪ, ಬಿಡ್ತು. ಬ್ರೂನರ್ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ನೀಲಕಂಠಪ್ಪ, ಬಿಡ್ತು. ನಾಗವ್ವ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದಳು.

"ಇನ್ನ ಈ ಅರಿವಿ ನಾವು ಧೋತರ ಅಂತ ತಗೊಂಡೇವಿ, ಧೋತರs ಅದು" ಎಂದಳು ಗುರುಬಾಯಿ. "ಮಿಷನ್ ಹ್ವಾದ್ರ ಹೋಗ್ಲಿ. ಕೈ ಏನ್ ಅವರು ಒಯ್ಯಂಗಿಲ್ಲ. ಕಲ್ತದ್ದು ಕೈಯಾಗs ಐತಿ." ಆಮೇಲೆ ಅವಳ ಕಣ್ಣಲ್ಲಿ ಹಳೆಯ ಚೇಷ್ಟೆ ಮತ್ತೆ ಮೂಡಿತು. "ಆದ್ರ ನಿಮ್ಮನ್ನ ಸುಮ್ಮನ ಬಿಡಾಂಗಿಲ್ಲ. ದಂಡಾ ಕೊಡಬೇಕು."

"ಏನು ಕೊಡಲಿ?"

"ನಿಮ್ಮ ಮನ್ಯಾಗಿನವ್ರ ಹೆಸರು ಒಡಪಿನ್ಯಾಗ ಹೇಳ್ರಿ. ನಾವೆಲ್ಲಾ ಹೇಳಿಲ್ಲೇನು?"

ಹೆಂಗಸರು ಹುರುಪಾದರು. "ಹೇಳ್ರಿ ಸಾಹೇಬ್ರ, ಹೇಳ್ರಿ." ವಸಂತಿಯೂ ಚಪ್ಪಾಳೆ ಹೊಡೆದಳು.

ಅಣವೀರಪ್ಪ ಮುಂದೆ ಬಂದು ನಿಂತ. ಹೆಸರಿಗೆ ತೊಂದರೆಯಿರಲಿಲ್ಲ. ವಿನೋದಿನಿ. ನಾಲ್ಕು ಅಕ್ಷರ, ಕಟ್ಟಲು ಸಲೀಸು. ಬೇಕಾದದ್ದು ಅದಕ್ಕೆ ಮೊದಲಿನ ಒಂದು ಸಾಲು. ಅವಳು ಮಾಡುವ ಒಂದು ಕೆಲಸ, ಅವಳಿಗೆ ಸೇರುವ ಒಂದು ಹೂವು, ಒಂದು ತಿನಿಸು, ಅವಳು ಯಾವುದಕ್ಕೆ ನಗುತ್ತಾಳೆ, ಅಂಥದ್ದು ಏನಾದರೊಂದು. ಅವನು ಹುಡುಕಿದ. ಆರು ವರ್ಷದ ಉದ್ದಕ್ಕೂ ಕತ್ತಲ ಮನೆಯಲ್ಲಿ ಕೈಯಾಡಿಸುವವನ ಹಾಗೆ ಹುಡುಕಿದ. ಕೈಗೆ ಏನೂ ಹತ್ತಲಿಲ್ಲ. ಕೇಳಬೇಕು, ಇವತ್ತು ಮನೆಗೆ ಹೋಗಿ ಅವಳನ್ನೇ ಕೇಳಬೇಕು ಅನ್ನಿಸಿತು. ಹೇಗೆ ಕೇಳುವುದೆಂದು ಮಾತ್ರ ಹೊಳೆಯಲಿಲ್ಲ.

"ಅವಸರ ಇಲ್ಲ ತಗೋರಿ" ಎಂದಳು ಗುರುಬಾಯಿ. "ನಾವು ಕುಂತೇವಿ."

ಹೆಂಗಸರು ತಮ್ಮ ತಮ್ಮ ಯಂತ್ರದ ಮುಂದೆ ಕುಳಿತರು. ಹಿಡಿಕೆಯ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ. ಶೆಡ್ಡಿನ ಹಿಂದೆ ಒಂದು ಲೋಕಲ್ ಧಡಧಡನೆ ಹಾದುಹೋಯಿತು. ರೀಲಿನಿಂದ ಯಂತ್ರಕ್ಕೆ ಬಿಗಿದು ನಿಂತಿದ್ದ ಇಪ್ಪತ್ತೆರಡು ತಾಮ್ರದ ಎಳೆಗಳು ಸಂಜೆಯ ಬಿಸಿಲಿನಲ್ಲಿ ಒಮ್ಮೆಲೇ ನಡುಗಿ, ಮಿನುಗಿ, ಮತ್ತೆ ಸ್ತಬ್ಧವಾದವು. ಅಣವೀರಪ್ಪ ಬಾಯಿ ತೆರೆದ.